ಅಪ್ಪನ ಪಿಂಚಣಿಯೂ ಮಲಗಿ ನೋಡುವ ಸಿನಿಮಾವೂ



ನಮ್ಮ ಸಂಘದ ವಾರ್ಷಿಕೋತ್ಸವ ಮುಗಿದು ಸಭಾಗೃಹದ ಹೊರಗೆ ಚಹಾ ಕುಡಿಯುತ್ತ ನಿಂತಿದ್ದಾಗ, ಈಚೆಗಷ್ಟೇ ಬ್ಯಾಂಕ್ ನೌಕರಿಗೆ ಸೇರಿದ ತರುಣನೊಬ್ಬ ನನ್ನನ್ನು ಕೇಳಿದ: "ಅಂಕಲ್, ದೊಡ್ಡ ದೊಡ್ಡ ಥಿಯೇಟರುಗಳು ಕಷ್ಟದಲ್ಲಿವೆ ಅಂತಾರೆ. ಪಿಂಚಣಿ ಫಂಡುಗಳ ಹತ್ತಿರ ಅಷ್ಟೊಂದು ಹಣ ಇದೆ. ಅಗ್ಗದಲ್ಲಿ ಅವುಗಳನ್ನು ಕೊಂಡರೆ ಥಿಯೇಟರೂ ಉಳಿಯುತ್ತದೆ, ನಮಗೂ ಲಾಭವಾಗುತ್ತದೆ ಅಲ್ಲವೇ?" ಪಕ್ಕದಲ್ಲಿದ್ದ ಅವನ ತಂದೆ, ನಿವೃತ್ತ ಬ್ಯಾಂಕ್ ನೌಕರರು, "ನಿನ್ನ ಪಾಕೆಟ್ ಮನಿ ಹಾಕಪ್ಪಾ, ಪಿಂಚಣಿಗೆ ಮಾತ್ರ ಕೈ ಹಚ್ಚಬೇಡ" ಎಂದು ನಕ್ಕರು. ನಗುವಿನಲ್ಲಿ ಮುಗಿದ ಈ ಮಾತನ್ನು ಇಲ್ಲಿ ಸ್ವಲ್ಪ ಮುಂದುವರಿಸುವೆ.

ತಂದೆಯ ಮಾತಿನ ಹಿಂದೆ ಒಂದು ತಲೆಮಾರಿನ ಅನುಭವವಿದೆ. ಊರಿನಿಂದ ಬರಿಗೈಯಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಬ್ಯಾಂಕು, ಕಚೇರಿ ಸೇರಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಲ್ಲಿ ಹಲವರು ಸುರಕ್ಷಿತವೆಂದು ನಂಬಿ ಯೂನಿಟ್ ಟ್ರಸ್ಟಿನ ಯುಎಸ್-64 ಯೋಜನೆಯಲ್ಲಿ ಹಣವಿಟ್ಟಿದ್ದರು. 2001ರ ಜುಲೈಯಲ್ಲಿ ಅದರ ಮಾರಾಟ, ಮರುಖರೀದಿ ಎರಡೂ ಸ್ಥಗಿತಗೊಂಡಾಗ, ಬೇಕೆಂದಾಗ ಕೈಗೆ ಸಿಗದ ಹಣ ಎಂದರೇನು ಎಂಬುದು ಅವರಿಗೆ ಅರ್ಥವಾಯಿತು.

ಆದರೂ ಬ್ಯಾಂಕಿನ ಹಳೆಯ ನೌಕರರಿಗೆ 1995ರ ನಿಯಮಾವಳಿಯಂತೆ ನಿಗದಿತ ಸೂತ್ರದ ಪಿಂಚಣಿಯಿದೆ. ಶೇರು ಪೇಟೆ ಏರಲಿ ಇಳಿಯಲಿ, ಅದು ಬರುತ್ತದೆ. ಆದರೆ 2010ರ ಏಪ್ರಿಲ್ 1ರ ನಂತರ ಸರಕಾರಿ ಬ್ಯಾಂಕು ಸೇರಿದವರು ರಾಷ್ಟ್ರೀಯ ಪಿಂಚಣಿ ಪದ್ಧತಿ, ಅಂದರೆ ಎನ್‌ಪಿಎಸ್‌ಗೆ ಸೇರಿದವರು. ಅಲ್ಲಿ ಎಷ್ಟು ಕೂಡಿತು, ಅದು ಎಷ್ಟು ಬೆಳೆಯಿತು ಎಂಬುದರ ಮೇಲೆ ಮುಪ್ಪಿನ ಅನ್ನ ನಿಂತಿದೆ. ಆದ್ದರಿಂದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಗತ್ಯ ಅಪ್ಪನಿಗಿಂತ ಮಗನಿಗೇ ಹೆಚ್ಚು.

ಇನ್ನು ಥಿಯೇಟರಿನ ಮಾತು. ನಮ್ಮ ಮುಂಬಯಿಯಲ್ಲಿ ಸಿನಿಮಾ ಮಂದಿರವೆಂದರೆ ಒಂದು ವೈಭವ. ಮೆಟ್ರೋ ಮತ್ತು ಇರೋಸ್ ಎರಡೂ 1938ರಲ್ಲಿ ತೆರೆದವು. ಮೆಟ್ರೋ 2006ರಲ್ಲಿ ಮಲ್ಟಿಪ್ಲೆಕ್ಸ್ ಆಯಿತು. ವರ್ಷಗಟ್ಟಲೆ ಮುಚ್ಚಿದ್ದ ಇರೋಸ್ 2024ರಲ್ಲಿ ಐಮ್ಯಾಕ್ಸ್ ಪರದೆಯೊಂದಿಗೆ ಮತ್ತೆ ಬಾಗಿಲು ತೆರೆಯಿತು. ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಜಿಯೊ ವರ್ಲ್ಡ್ ಡ್ರೈವ್‌ನಲ್ಲಿ 2021ರಿಂದ ಮಹಡಿಯ ಮೇಲೆ ಕಾರಿನಲ್ಲೇ ಕುಳಿತು ಚಿತ್ರ ನೋಡಬಹುದು. ಮಲಗುವ ಕುರ್ಚಿ, ಕುಳಿತಲ್ಲಿಗೇ ಬರುವ ಊಟ, ಇದೆಲ್ಲ ಈಗ ಹೊಸತೇನಲ್ಲ.

ಆದರೆ ಈ ವೈಭವದ ಲೆಕ್ಕ ಬಲು ಬಿಗಿ. ಮೊದಲ ವಾರದ ಟಿಕೆಟ್ ಹಣದಲ್ಲಿ ಸುಮಾರು ಅರ್ಧ ಪಾಲು ವಿತರಕರಿಗೆ ಹೋಗುತ್ತದೆ. ಮಾಲ್‌ನ ಬಾಡಿಗೆ, ವಿದ್ಯುತ್ತು, ಸಂಬಳ, ಸಾಲದ ಬಡ್ಡಿ ಇವು ಸಭಾಂಗಣ ತುಂಬಿದರೂ ಖಾಲಿಯಿದ್ದರೂ ತಪ್ಪುವುದಿಲ್ಲ. ಪಾಪ್‌ಕಾರ್ನ್‌ಗೆ ಅಷ್ಟು ಬೆಲೆ ಏಕೆಂಬುದು ಈಗ ತಿಳಿಯಿತೇ? ಎಲ್ಲಕ್ಕಿಂತ ಮುಖ್ಯವಾಗಿ, ಮಾರುವ ಸರಕು, ಅಂದರೆ ಒಳ್ಳೆಯ ಚಿತ್ರ, ಥಿಯೇಟರಿನವನ ಕೈಯಲ್ಲಿಲ್ಲ. ಹೋಟೆಲ್ ನಡೆಸುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ: ಅಡುಗೆ ಬೇರೆಯವರದು, ಬಾಡಿಗೆ ಮಾತ್ರ ನಮ್ಮದು!

ಅಂಕಿಗಳನ್ನು ನೋಡಿ. ಕೋವಿಡ್ ಕಾಲದಲ್ಲಿ ಮಹಾರಾಷ್ಟ್ರದ ಥಿಯೇಟರುಗಳು 2020ರ ಮಾರ್ಚಿನಲ್ಲಿ ಮುಚ್ಚಿ, ನಡುವೆ ಕೆಲವು ತಿಂಗಳು ತೆರೆದು, ಮತ್ತೆ ಮುಚ್ಚಿ, 2021ರ ಅಕ್ಟೋಬರ್ 22ರಂದು ಪುನಃ ತೆರೆದವು. ದೇಶದ ಎರಡು ದೊಡ್ಡ ಸಂಸ್ಥೆಗಳಾದ ಪಿವಿಆರ್ ಮತ್ತು ಐನಾಕ್ಸ್ 2023ರ ಫೆಬ್ರವರಿಯಲ್ಲಿ ಒಂದಾದವು. ಆ ವರ್ಷದ ಜನವರಿಯಿಂದ ಮಾರ್ಚ್‌ವರೆಗೆ ಕೂಡಿದ ಸಂಸ್ಥೆಗೆ ಸುಮಾರು 333 ಕೋಟಿ ರೂಪಾಯಿ ನಷ್ಟ. ನಷ್ಟದ 50 ಪರದೆಗಳನ್ನು ಮುಚ್ಚುವುದಾಗಿ ಅದು ಹೇಳಿತು. ಅದೇ ವರ್ಷದ ಜುಲೈಯಿಂದ ಸೆಪ್ಟೆಂಬರ್‌ವರೆಗೆ 'ಗದರ್ 2', 'ಜವಾನ್' ಬಂದಾಗ ಸುಮಾರು 166 ಕೋಟಿ ಲಾಭ! ಇದು ಕೆಟ್ಟ ವ್ಯಾಪಾರವೆಂದಲ್ಲ, ಎರಡು ಚಿತ್ರಗಳ ಮೇಲೆ ಬದುಕು ತೂಗುವ ವ್ಯಾಪಾರ. ಪಿಂಚಣಿಯಾದರೋ ಹಿಟ್ ಚಿತ್ರ ಬಾರದ ತಿಂಗಳಲ್ಲೂ ಒಂದನೇ ತಾರೀಕಿಗೆ ಬರಬೇಕು.

ಪರದೇಶದಲ್ಲಿ ಇದನ್ನು ಮಾಡಿ ನೋಡಿದವರಿದ್ದಾರೆ. ಅಮೆರಿಕದ ಅಲಬಾಮಾ ರಾಜ್ಯದ ಶಿಕ್ಷಕರ ಮತ್ತು ನೌಕರರ ನಿವೃತ್ತಿ ನಿಧಿಗಳು ಐಪಿಕ್ ಎಂಬ ಐಷಾರಾಮಿ ಥಿಯೇಟರ್ ಸಂಸ್ಥೆಗೆ ಸಾಲ ಕೊಡುತ್ತ ಹೋದವು. ಸಾಲ 20 ಕೋಟಿ ಡಾಲರ್ ಮೀರಿತು. 2019ರ ಆಗಸ್ಟಿನಲ್ಲಿ ಐಪಿಕ್ ದಿವಾಳಿ ಅರ್ಜಿ ಹಾಕಿದಾಗ, ಸಾಲ ಕೊಟ್ಟ ನಿಧಿಯೇ ಥಿಯೇಟರುಗಳ ಒಡೆಯನಾಗಬೇಕಾಯಿತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು ಆ ಬಾಗಿಲುಗಳೂ ಮುಚ್ಚಿದವು. ಕೆನಡಾದ ಓಮರ್ಸ್ ಮತ್ತು ಏಮ್ಕೋ, ಇವೂ ಪಿಂಚಣಿ ಹಣ ನೋಡಿಕೊಳ್ಳುವ ಸಂಸ್ಥೆಗಳೇ, 2013ರಲ್ಲಿ ಬ್ರಿಟನ್ನಿನ ವ್ಯೂ ಥಿಯೇಟರುಗಳನ್ನು 93.5 ಕೋಟಿ ಪೌಂಡ್ ಬೆಲೆಗೆ ಕೊಂಡವು. 2022ರಲ್ಲಿ ಆ ಒಡೆತನ ಸಾಲಗಾರರ ಪಾಲಿಗೆ ಹೋಯಿತು.

ಆದರೂ ತರುಣನ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಪಿಂಚಣಿ ನಿಧಿಗೆ ಮೂವತ್ತು ವರ್ಷ ಕಾಯುವ ತಾಳ್ಮೆಯಿದೆ. ಎಲ್ಲರೂ ಹೆದರಿ ಮಾರುವಾಗ ಕೊಳ್ಳುವುದೂ ಒಂದು ಜಾಣತನ. ಬರೀ ಬಡ್ಡಿಗೆ ಹಣವಿಟ್ಟರೆ ಬೆಲೆಯೇರಿಕೆಯೇ ಅದನ್ನು ತಿಂದುಹಾಕುತ್ತದೆ. ಇದನ್ನರಿತೇ ನಮ್ಮ ನೌಕರರ ಭವಿಷ್ಯನಿಧಿ 2015ರ ಆಗಸ್ಟಿನಿಂದ ಶೇರು ಪೇಟೆಗೆ ಕಾಲಿಟ್ಟಿತು. ಹೊಸ ಹಣದ ಶೇ. 5ರಿಂದ ಆರಂಭಿಸಿ ಮಿತಿಯನ್ನು ಶೇ. 15ಕ್ಕೆ ಏರಿಸಿತು. ಆದರೆ ಅದು ಒಂದು ಕಂಪನಿಯನ್ನು ಆರಿಸಿ ಪಣ ಕಟ್ಟುವುದಿಲ್ಲ. ನಿಫ್ಟಿ, ಸೆನ್ಸೆಕ್ಸ್‌ನಂಥ ಸೂಚ್ಯಂಕಗಳ ಫಂಡುಗಳ ಮೂಲಕ ಹತ್ತಾರು ದೊಡ್ಡ ಕಂಪನಿಗಳಲ್ಲಿ ಹಂಚುತ್ತದೆ. ಒಂದು ಮುಳುಗಿದರೆ ಉಳಿದವು ತೇಲಿಸುತ್ತವೆ.

ಆದ್ದರಿಂದ ನನ್ನ ಉತ್ತರ ಇಷ್ಟು. ನೂರಾರು ಕಂಪನಿಗಳ ನಡುವೆ ಒಂದು ಥಿಯೇಟರ್ ಕಂಪನಿಯೂ ಚಿಕ್ಕ ಪಾಲಾಗಿ ಬಂದರೆ ಅಂಜಬೇಕಿಲ್ಲ. ಆದರೆ ಕಷ್ಟದಲ್ಲಿದೆ ಎಂಬ ಕನಿಕರದಿಂದಲೋ, ಅಗ್ಗವಾಗಿದೆ ಎಂಬ ಆಸೆಯಿಂದಲೋ ಪಿಂಚಣಿ ಹಣವನ್ನು ದೊಡ್ಡದಾಗಿ ಸುರಿಯುವುದು, ಕೊಟ್ಟ ಸಾಲ ಉಳಿಸಿಕೊಳ್ಳಲು ಮತ್ತೆ ಸಾಲ ಕೊಡುವುದು ಸಲ್ಲದು. ಥಿಯೇಟರ್ ಉಳಿಸುವುದು ಪ್ರೇಕ್ಷಕನ ಕೆಲಸ. ನಿವೃತ್ತ ಶಿಕ್ಷಕಿಯ ಮುಪ್ಪಿನ ಹಣದ ಕೆಲಸವಲ್ಲ.

ಯುವಮಿತ್ರರೇ, ನೌಕರಿಗೆ ಸೇರಿದ ದಿನ ಅವಸರದಲ್ಲಿ ಸಹಿ ಹಾಕಿದ ಆ ಫಾರ್ಮನ್ನು ಈ ವಾರ ಒಮ್ಮೆ ತೆರೆದು ನೋಡಿ. ನಿಮ್ಮ ಹಣ ಶೇರಿನಲ್ಲೆಷ್ಟು, ಸಾಲಪತ್ರಗಳಲ್ಲೆಷ್ಟು, ನಾಮಿನಿ ಯಾರು ಎಂದು ತಿಳಿದುಕೊಳ್ಳಿ. 20ಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಹೋಟೆಲುಗಳಿಗೆ ಭವಿಷ್ಯನಿಧಿ ಕಡ್ಡಾಯವಲ್ಲ. ಅಂಥಲ್ಲಿ ದುಡಿಯುವ ನಿಮ್ಮ ಬಂಧುವಿಗೆ, 2009ರಿಂದ ಎಲ್ಲ ನಾಗರಿಕರಿಗೂ ತೆರೆದಿರುವ ಎನ್‌ಪಿಎಸ್ ಬಗ್ಗೆ ಹೇಳಿ.

ಮುಂದಿನ ಸಲ ಮುಂಬಯಿಯಲ್ಲಿ ಕನ್ನಡ ಚಿತ್ರ ಬಂದಾಗ, ಅದು ಭಾನುವಾರ ಬೆಳಗಿನ ಒಂದೇ ಒಂದು ಆಟವಾದರೂ ಸರಿ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ಟಿಕೆಟ್ ನಿಮ್ಮ ಸಂಬಳದಿಂದ ಕೊಳ್ಳಿ. ಥಿಯೇಟರಿಗೆ ಅದಕ್ಕಿಂತ ಒಳ್ಳೆಯ ಹೂಡಿಕೆ ಬೇರೆ ಇಲ್ಲ!