ಹೊಲಕ್ಕೆ ಒಯ್ಯೋ ಫೋನು ಹೇಗಿರಬೇಕು? ಓದೋಕೆ, ವಿಡಿಯೊ ನೋಡೋಕೆ, ಲೆಕ್ಕ ಬರೆಯೋಕೆ

ಕಳೆದ ತಿಂಗಳು ಹೊಳಲ್ಕೆರೆ ಕಡೆಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಣ್ಣಾ, ಅಡಿಕೆ ದುಡ್ಡು ಬಂದಿದೆ. ಹೊಸ ಮೊಬೈಲ್ ತಗೋಬೇಕು, ಯಾವುದು ತಗೊಳ್ಳಲಿ?" ಅಂದ. ಬಜೆಟ್ ಎಷ್ಟು ಅಂತ ಕೇಳೋ ಮುಂಚೆ ನಾನು ಕೇಳಿದ್ದು, "ತೋಟದಲ್ಲಿ ಅದರಿಂದ ಏನು ಕೆಲಸ ಮಾಡ್ತೀಯಪ್ಪ?" ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ವಿಡಿಯೊ ನೋಡ್ತೀನಿ, ವಾಟ್ಸಾಪಲ್ಲಿ ಬರೋ ಪಿಡಿಎಫ್ ಓದ್ತೀನಿ, ಕೂಲಿ ಲೆಕ್ಕ ಬರ್ಕೋತೀನಿ" ಅಂದ.

ನಮ್ಮಲ್ಲಿ ಬಹಳ ಜನರ ಉತ್ತರ ಇದೇ. ಆದರೆ ಅಂಗಡಿಗೆ ಹೋದಾಗ ನಾವು ಕೇಳೋದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಗೇಮ್ ಓಡುತ್ತಾ ಅಂತ. ಹೊಲದ ಕೆಲಸಕ್ಕೆ ಫೋನ್ ಆರಿಸೋ ಲೆಕ್ಕವೇ ಬೇರೆ. ಅದನ್ನ ನಾನು ಕಲಿತದ್ದು ಒಂದು ಫೋನ್ ಕಳಕೊಂಡ ಮೇಲೆ.

ಕೃಷಿ ಹೊಂಡಕ್ಕೆ ಬಿದ್ದದ್ದು ಫೋನ್ ಮಾತ್ರ ಅಲ್ಲ

ಹಿರಿಯೂರು ತಾಲ್ಲೂಕಿನಲ್ಲಿ ನಮ್ಮ ದಾಳಿಂಬೆ ತೋಟ. ಸಾವಯವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದ ಕಾಲ ಅದು. ಪ್ರಮಾಣಪತ್ರ ಬೇಕು ಅಂದ್ರೆ ದಾಖಲೆ ಇಡಲೇಬೇಕು. ಯಾವ ತಾಕಿಗೆ, ಯಾವ ದಿನ, ಏನು ಹಾಕಿದ್ರಿ, ಎಷ್ಟು ಹಾಕಿದ್ರಿ, ಎಲ್ಲಿಂದ ತಂದ್ರಿ, ಎಷ್ಟು ಕೊಯ್ಲಾಯ್ತು, ಎಲ್ಲ. ಅಪ್ಪ ನೋಟ್‌ಬುಕ್ಕಲ್ಲಿ ಬರಿ ಅಂದ್ರು. ನಾನು ಓದಿದವನು, ಎಲ್ಲಾ ಮೊಬೈಲಲ್ಲೇ ಇದೆ ಬಿಡಿ ಅಂದೆ.

ಒಂದು ದಿನ ಹೊಂಡದ ಏರಿ ಮೇಲೆ ಬಗ್ಗಿ ಫುಟ್‌ವಾಲ್ವ್ ನೋಡ್ತಾ ಇದ್ದಾಗ ಅಂಗಿ ಜೇಬಿಂದ ಫೋನ್ ಜಾರಿ ನೀರಿಗೆ ಬಿತ್ತು. ಟಾರ್ಪಾಲ್ ಮೇಲೆ ಜಾರಿಕೊಂಡು ಇಳಿದು ತೆಗೆಯೋ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ರಿಪೇರಿಯವನು ಬಿಚ್ಚಿ ನೋಡಿ ಕೈ ಆಡಿಸಿಬಿಟ್ಟ. ಒಂದು ವರ್ಷದ ಲೆಕ್ಕ ಆ ಫೋನಿನ ಒಳಗಡೆ ಮಾತ್ರ ಇತ್ತು. ಹದಿನೈದು ದಿನಕ್ಕೆ ತಪಾಸಣೆಗೆ ಬಂದವರು ತೋಟ ಎಲ್ಲ ಓಡಾಡಿ ನೋಡಿ, "ನೀವು ಹೇಳಿದ್ದನ್ನ ನಂಬ್ತೀನಿ, ಆದ್ರೆ ನನಗೆ ದಾಖಲೆ ಬೇಕಲ್ಲ" ಅಂದ್ರು. ಅವರ ತಪ್ಪೇನೂ ಇಲ್ಲ. ಆ ವರ್ಷದ ಹಣ್ಣು ಸಾವಯವ ಅಂತ ಮಾರೋಕೆ ಆಗದೆ ಮಾಮೂಲಿ ಮಾರುಕಟ್ಟೆಗೆ ಹೋಯ್ತು. ಹೋದ ಫೋನಿನ ಬೆಲೆಗಿಂತ ಹೋದ ಲೆಕ್ಕದ ಬೆಲೆ ಎಷ್ಟೋ ಪಟ್ಟು ಜಾಸ್ತಿ ಆಗಿತ್ತು.

ಮೂರು ಕೆಲಸ, ಒಂದು ಉದಾಹರಣೆ

ದಾಳಿಂಬೆಗೆ ದುಂಡಾಣು ಅಂಗಮಾರಿ ಬರೋದು ನಿಮಗೆ ಗೊತ್ತು. ಚಾಟನಿ ಆದ ಮೇಲೆ ಶೇ. 1ರ ಬೋರ್ಡೊ ದ್ರಾವಣ ಹೊಡಿತೀವಿ. ಇದರಲ್ಲಿ ಫೋನಿನ ಕೆಲಸ ಏನು ನೋಡಿ.

ಪ್ರಮಾಣ ಓದಿ ತಿಳ್ಕೋಬೇಕು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ವಿಡಿಯೊದಲ್ಲಿ ಈ ಅಂಕಿಗಳು ಸರ್ರನೆ ಹೋಗಿಬಿಡ್ತವೆ. 10 ಲೀಟರಿಗೆ ಹೇಳಿದ್ದೋ 100 ಲೀಟರಿಗೆ ಹೇಳಿದ್ದೋ ತಪ್ಪಾಗಿ ಕೇಳಿಸಿದ್ರೆ ಗಿಡ ಸುಡುತ್ತೆ. ಹಾಗಾಗಿ ಅಂಕಿ ಇರೋದನ್ನ ಯಾವಾಗಲೂ ವಿಶ್ವವಿದ್ಯಾಲಯದ ಅಥವಾ ಕೃಷಿ ವಿಜ್ಞಾನ ಕೇಂದ್ರದ ಕೈಪಿಡಿಯಲ್ಲಿ ಓದಿ ಖಾತ್ರಿ ಮಾಡ್ಕೊಳ್ಳಿ. ನಮಗಂತೂ ಹಿರಿಯೂರಿನ ಬಬ್ಬೂರು ಫಾರಂ ಹತ್ತಿರವೇ ಇದೆ.

ಕೈಕೆಲಸಕ್ಕೆ ವಿಡಿಯೊ ಬೇಕು: ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಹುಯ್ತಾ ಕಲಸಬೇಕು. ಆಮೇಲೆ ತಿಕ್ಕಿ ಬೆಳಗಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕುವಿನ ಮೇಲೆ ಕೆಂಚು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇದನ್ನ ಹತ್ತು ಸಲ ಓದೋದಕ್ಕಿಂತ ಒಂದು ಸಲ ನೋಡಿದ್ರೆ ತಲೆಗೆ ಹೋಗುತ್ತೆ.

ಹೊಡೆದ ಮೇಲೆ ಬರೆದಿಡಬೇಕು: ಸಾವಯವದಲ್ಲಿ ತಾಮ್ರದ ಬಳಕೆಗೆ ಮಿತಿ ಇದೆ. ಯಾವತ್ತು, ಎಷ್ಟು ಹೊಡೆದ್ರಿ ಅಂತ ತೋರಿಸಲೇಬೇಕು. ಈ ಮಾಹಿತಿ ಯಾವ ವಿಡಿಯೊದಲ್ಲೂ ಸಿಗಲ್ಲ, ಯಾವ ಪುಸ್ತಕದಲ್ಲೂ ಸಿಗಲ್ಲ. ನೀವು ಬರೆದರೆ ಉಂಟು, ಇಲ್ಲದಿದ್ರೆ ಇಲ್ಲ.

ಓದೋಕೆ: ಪರದೆ ಮೊದಲು

ಅಂಗಡಿ ಒಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಎಲ್ಲಾ ಫೋನೂ ಚೆನ್ನಾಗೇ ಕಾಣ್ತವೆ. ಹಿರಿಯೂರಿನ ಏಪ್ರಿಲ್ ಬಿಸಿಲಲ್ಲಿ ನಿಂತು ನೋಡಿದ್ರೆ ಕಾಣೋದು ನಮ್ಮ ಮುಖ ಮಾತ್ರ. ಪರದೆಯ ಹೊಳಪನ್ನ 'ನಿಟ್ಸ್' ಅನ್ನೋ ಅಳತೆಯಲ್ಲಿ ಹೇಳ್ತಾರೆ. ಕಡಿಮೆ ಬೆಲೆಯ ಫೋನಲ್ಲಿ ಇದು ಸುಮಾರು 400ರಿಂದ 500 ಇರುತ್ತೆ, ಬಿಸಿಲಿಗೆ ಸಾಲಲ್ಲ. 800ಕ್ಕಿಂತ ಮೇಲೆ ಇರೋದನ್ನ ನೋಡಿ. ಅಂಗಡಿಯವರನ್ನ ಕೇಳಿ ಫೋನನ್ನ ಹೊರಗೆ ತಂದು, ಮಧ್ಯಾಹ್ನದ ಬಿಸಿಲಲ್ಲಿ ಕನ್ನಡದ ಒಂದು ಪುಟ ಓದಿ ನೋಡಿ. ಬಿಸಿಲಲ್ಲಿ ಓದುವಾಗ ಕಪ್ಪು ಹಿನ್ನೆಲೆ ಬೇಡ, ಬಿಳಿ ಮೇಲೆ ಕಪ್ಪಕ್ಷರ ಇರಲಿ.

ಇನ್ನು ಗಾತ್ರ. ನಮಗೆ ಬರೋ ಪಿಡಿಎಫ್‌ಗಳೆಲ್ಲ ಹೆಚ್ಚಾಗಿ ಎ4 ಹಾಳೆಯವು, ಅಗಲ 21 ಸೆಂ.ಮೀ. ಆರೂವರೆ ಇಂಚಿನ ಫೋನಿನ ಅಗಲ ಏಳು ಸೆಂ.ಮೀ. ಕೂಡ ಇರಲ್ಲ. ಅಂದ್ರೆ ಅಕ್ಷರ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತೆ. ಒತ್ತಕ್ಷರ ಯಾವುದು, ದೀರ್ಘ ಯಾವುದು ಗೊತ್ತೇ ಆಗಲ್ಲ. ಫೋನನ್ನ ಅಡ್ಡ ಹಿಡಿದ್ರೆ ಅದೇ ಪುಟ ಮುಕ್ಕಾಲು ಭಾಗದ ಹತ್ತಿರ ಬರುತ್ತೆ. ಮೊದಲು ಈ ಅಭ್ಯಾಸ ಮಾಡ್ಕೊಳ್ಳಿ, ಖರ್ಚಿಲ್ಲದ ಪರಿಹಾರ.

ಇನ್ನೊಂದು ತೊಡಕು ಕನ್ನಡದ್ದೇ. ಹಳೇ ಕೈಪಿಡಿಗಳು ಯೂನಿಕೋಡ್ ಬರೋ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಇರ್ತವೆ, ಇಲ್ಲಾ ಸ್ಕ್ಯಾನ್ ಮಾಡಿದ ಚಿತ್ರಗಳು. 'ಅಂಗಮಾರಿ' ಅಂತ ಹುಡುಕಿದ್ರೆ ಸಿಗಲ್ಲ, ಕಾಪಿ ಮಾಡಿದ್ರೆ ಗೊಜಲು ಬರುತ್ತೆ. ಇದು ನಿಮ್ಮ ಫೋನಿನ ದೋಷ ಅಲ್ಲ. ಬೇಕಾದ ಪುಟವನ್ನ ಸ್ಕ್ರೀನ್‌ಶಾಟ್ ತಗೊಂಡು ಬೆಳೆಯ ಹೆಸರಿನ ಫೋಲ್ಡರಿಗೆ ಹಾಕಿಟ್ಟುಕೊಳ್ಳಿ.

ಬರೀ ಓದೋಕೆ ಅಂತ ಕಿಂಡಲ್ ಥರದ ಸಾಧನ ತಗೊಳ್ಳಲಾ ಅಂತ ಕೆಲವರು ಕೇಳ್ತಾರೆ. ಅದರ ಪರದೆ ಕಾಗದದ ಹಾಗೆ, ಬಿಸಿಲಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ, ಒಂದು ಚಾರ್ಜಿಗೆ ವಾರಗಟ್ಟಲೆ ಬರುತ್ತೆ. ಆದರೆ ಆರಿಂಚಿನ ಪರದೆಯಲ್ಲಿ ಎ4 ಪಿಡಿಎಫ್ ಕಷ್ಟ, ವಿಡಿಯೊ ಇಲ್ಲ. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ಬಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕನ್ನಡ ಇ-ಪುಸ್ತಕಕ್ಕೆ ಮೈಲ್ಯಾಂಗ್ ಆಪ್ ಇದೆ, ಅದು ಮಾಮೂಲಿ ಫೋನಲ್ಲೇ ಓಡುತ್ತೆ. ಎಂಟು ಇಂಚಿನ ಟ್ಯಾಬ್ ಓದೋಕೆ ಆರಾಮ, ಆದರೆ ಜೇಬಿಗೆ ಹಿಡಿಯಲ್ಲ. ಮನೇಲಿ ಇಬ್ಬರು ಮೂವರು ಓದೋರಿದ್ರೆ ಮಾತ್ರ ಯೋಚಿಸಿ.

ವಿಡಿಯೊಗೆ: ನೆಟ್‌ವರ್ಕು, ಜಾಗ, ಬ್ಯಾಟರಿ

ಹೊಸದುರ್ಗದ ಗುಡ್ಡದ ಹಿಂದಿನ ತೆಂಗಿನ ತೋಟಗಳಲ್ಲಿ ಎಷ್ಟೋ ಕಡೆ ಸಿಗ್ನಲ್ ಒಂದೇ ಕಡ್ಡಿ. ಅಲ್ಲಿ 5ಜಿ ಫೋನಿಗೆ ಹೆಚ್ಚು ದುಡ್ಡು ಕೊಡೋದಕ್ಕಿಂತ ಎರಡು ಕಂಪನಿಯ ಎರಡು ಸಿಮ್ ಹಾಕೋದು ಮೇಲು. ತೋಟದಲ್ಲಿ ಯಾವುದು ಹಿಡಿಯುತ್ತೆ ಅಂತ ಪಕ್ಕದವರ ಫೋನಲ್ಲಿ ನೋಡ್ಕೊಂಡು ಬನ್ನಿ. ವಿಡಿಯೊವನ್ನ ರಾತ್ರಿ ಮನೆಯಲ್ಲಿ 360 ಅಥವಾ 480 ಗುಣಮಟ್ಟದಲ್ಲಿ ಇಳಿಸಿಟ್ಟುಕೊಂಡ್ರೆ ಸಾಕು. 480ರಲ್ಲಿ ಒಂದು ಗಂಟೆಗೆ ಸುಮಾರು ಅರ್ಧ ಜಿಬಿ ಆಗುತ್ತೆ. ಇದಕ್ಕೆ 128 ಜಿಬಿ ಜಾಗ ಇರಲಿ. 64 ಜಿಬಿಯದು ವಾಟ್ಸಾಪ್ ಫೋಟೊಗಳಿಂದಲೇ ತುಂಬಿಹೋಗುತ್ತೆ.

ಬ್ಯಾಟರಿ 5000 ಎಂಎಎಚ್‌ಗಿಂತ ಕಡಿಮೆ ಬೇಡ. ಆದರೆ ಬ್ಯಾಟರಿ ಕೊಲ್ಲೋದು ನಮ್ಮ ಬಿಸಿಲು. ಟ್ರ್ಯಾಕ್ಟರ್ ಬಾನೆಟ್ ಮೇಲೆ, ಬದುವಿನ ಕಲ್ಲಿನ ಮೇಲೆ ಫೋನ್ ಇಡಬೇಡಿ. ಬಿಸಿಲಲ್ಲಿ ಕಾದ ಫೋನನ್ನ ತಕ್ಷಣ ಚಾರ್ಜಿಗೆ ಹಾಕಬೇಡಿ, ನೆರಳಲ್ಲಿ ಆರಲಿ.

ಧೂಳು ಮತ್ತು ನೀರು

ಚಿತ್ರದುರ್ಗದ ಕಡೆ ಈರುಳ್ಳಿ ಕೀಳುವಾಗ, ಶೇಂಗಾ ಒಕ್ಕುವಾಗ ಏಳೋ ಧೂಳು ಸ್ಪೀಕರಿಗೆ, ಚಾರ್ಜಿಂಗ್ ತೂತಿಗೆ ಹೋಗಿ ಕೂರುತ್ತೆ. ಹೊಳಲ್ಕೆರೆ ಅಡಿಕೆ ತೋಟದಲ್ಲಿ ನೆರಳಿದೆ, ಅಷ್ಟು ಹೊಳಪು ಬೇಡ, ಆದರೆ ಕೈ ಯಾವಾಗಲೂ ಒದ್ದೆ. ಇದಕ್ಕೆ ಡಬ್ಬಿ ಮೇಲೆ 'ಐಪಿ' ಅಂತ ಎರಡು ಅಂಕಿ ನೋಡಿ. ಮೊದಲನೇ ಅಂಕಿ ಧೂಳಿಗೆ, ಎರಡನೇದು ನೀರಿಗೆ. ಐಪಿ 54 ಅಂದ್ರೆ ಸ್ವಲ್ಪ ಮಟ್ಟಿಗೆ ಧೂಳು, ನೀರಿನ ಸಿಡಿತ ತಡೆಯುತ್ತೆ. ಐಪಿ 67 ಅಂದ್ರೆ ಧೂಳು ಒಳಗೆ ಹೋಗಲ್ಲ, ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಇದ್ದರೂ ತಡ್ಕೊಳ್ಳುತ್ತೆ. ಈ ಪರೀಕ್ಷೆ ಶುದ್ಧ ನೀರಲ್ಲಿ ಮಾಡೋದು, ಜೀವಾಮೃತದ ಡ್ರಮ್ಮಲ್ಲಿ ಅಲ್ಲ. ಹೊಂಡಕ್ಕೆ, ಡ್ರಮ್ಮಿಗೆ ಬಗ್ಗುವಾಗ ಫೋನನ್ನ ಅಂಗಿ ಜೇಬಲ್ಲಿ ಇಡಬೇಡಿ, ನನ್ನ ಅನುಭವ ಸಾಕು.

ಜಿಪಿಎಸ್ ಕೂಡ ನೋಡಿ. ಬೆಳೆ ಸಮೀಕ್ಷೆ ಆಪ್‌ನಲ್ಲಿ ನಮ್ಮ ಬೆಳೆಯನ್ನ ನಾವೇ ಹೊಲದಲ್ಲಿ ನಿಂತು ಫೋಟೊ ತೆಗೆದು ಹಾಕಬೇಕು. ನಿಂತ ಜಾಗದ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆಪ್ ಕೂಡ ಜಿಪಿಎಸ್ ಮೇಲೇ ನಡೆಯೋದು. ಅದು ಪಕ್ಕದವರ ಹೊಲ ತೋರಿಸಿದ್ರೆ ಮುಂದೆ ವಿಮೆ, ಪರಿಹಾರದ ಹೊತ್ತಿಗೆ ಓಡಾಟ ನಿಮ್ಮದೇ.

ಬರೆಯೋಕೆ: ಇದೇ ಮುಖ್ಯ

ರೈತರಿಗೆ ಅಂಗೈ ಅಗಲದ ಯಂತ್ರ ಅನ್ನೋದು ಹೊಸ ಯೋಚನೆ ಏನಲ್ಲ. ನಮ್ಮ ಬೆಂಗಳೂರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ 'ಸಿಂಪ್ಯೂಟರ್' ಮಾಡಿದ್ರು. 2004ರಲ್ಲಿ ಅದು 'ಅಮಿಡಾ' ಹೆಸರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ನಮ್ಮ ಭಾಷೆಗಳಿದ್ದವು. ಇನ್ನೊಂದು ಒಳ್ಳೇ ಯೋಚನೆ ಇತ್ತು: ಯಂತ್ರ ಊರಿಗೆ ಒಂದೇ ಇರಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್‌ಕಾರ್ಡಲ್ಲಿ ಇರಲಿ ಅಂತ. ಯಂತ್ರ ಹೆಚ್ಚು ಮಾರಾಟ ಆಗಲಿಲ್ಲ, ಅಗ್ಗದ ಮೊಬೈಲ್ ಬಂದು ಅದರ ಜಾಗ ತಗೊಂಡಿತು. ಆದರೆ ಆ ಯೋಚನೆ ಇವತ್ತಿಗೂ ಸರಿ. ಯಂತ್ರ ಬೇರೆ, ಮಾಹಿತಿ ಬೇರೆ. ಯಂತ್ರ ಹೋದರೂ ಮಾಹಿತಿ ಉಳಿಯಬೇಕು.

ನಾನು ಈಗ ಮಾಡೋದು ಇಷ್ಟು. ಗೂಗಲ್ ಕೀಪ್ ಥರದ, ಖಾತೆಗೆ ತಾನಾಗೇ ಸೇರ್ಕೊಳ್ಳೋ ಟಿಪ್ಪಣಿ ಆಪ್ ಬಳಸ್ತೀನಿ. ಟೈಪ್ ಮಾಡೋಕೆ ಬೇಜಾರಾದ್ರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡ್ತೀನಿ, ಅಕ್ಷರ ಬರುತ್ತೆ. ಅಂಕಿಗಳನ್ನ ಮಾತ್ರ ಇನ್ನೊಂದು ಸಲ ನೋಡಿ ತಿದ್ದಬೇಕು. ಪ್ರತಿ ಟಿಪ್ಪಣಿಯಲ್ಲೂ ಐದು ವಿಷಯ: ದಿನಾಂಕ, ತಾಕು, ಏನು, ಎಷ್ಟು, ಯಾರು ಮಾಡಿದ್ದು. ಜೀವಾಮೃತ, ದಾಳಿಂಬೆ 2ನೇ ತಾಕು, 200 ಲೀಟರ್ ಅಂತ ಬರೆಯೋಕೆ ಅರ್ಧ ನಿಮಿಷ ಸಾಕು.

ನೆನಪಿರಲಿ, ಗೂಗಲ್ ಪುಕ್ಕಟೆ ಕೊಡೋ ಜಾಗ 15 ಜಿಬಿ. ಮೇಲ್, ಫೋಟೊ, ಡ್ರೈವ್ ಎಲ್ಲಾ ಅದರಲ್ಲೇ. ಅದು ತುಂಬಿದ್ರೆ ಹೊಸ ಫೋಟೊಗಳ ಬ್ಯಾಕಪ್ ನಿಂತೋಗುತ್ತೆ. ತಿಂಗಳಿಗೊಮ್ಮೆ ಬೇಡದ ವಿಡಿಯೊ ಅಳಿಸಿ.

ಜೊತೆಗೆ ಅಪ್ಪ ಹೇಳಿದ ನೋಟ್‌ಬುಕ್ಕೂ ಇದೆ. ಭಾನುವಾರ ಸಂಜೆ ವಾರದ ಟಿಪ್ಪಣಿಗಳನ್ನ ನಾನು ಓದ್ತೀನಿ, ಅಪ್ಪ ಬರ್ಕೋತಾರೆ. ಎರಡು ಸಲ ನಾನು ತಾಕಿನ ನಂಬರ್ ತಪ್ಪು ಹಾಕಿದ್ದನ್ನ ಅವರೇ ಹಿಡಿದ್ರು. ಮುಂದಿನ ತಪಾಸಣೆಯಲ್ಲಿ ಎರಡನ್ನೂ ಟೇಬಲ್ ಮೇಲೆ ಇಟ್ಟೆ, ತಕರಾರಿಲ್ಲದೆ ಮುಗೀತು.

ಅಂಗಡಿಗೆ ಹೋಗುವಾಗ ಈ ಪಟ್ಟಿ ಇರಲಿ

1. ಬಿಸಿಲಲ್ಲಿ ಕನ್ನಡ ಪುಟ ಓದಿ ನೋಡಿದ್ರಾ?
2. ಬ್ಯಾಟರಿ 5000 ಎಂಎಎಚ್, ಜಾಗ 128 ಜಿಬಿ ಇದೆಯಾ?
3. ಎರಡು ಸಿಮ್ ಹಿಡಿಯುತ್ತಾ?
4. ಐಪಿ ಅಂಕಿ ಎಷ್ಟು? ನಿಮ್ಮ ಹೊಲದಲ್ಲಿ ಜಾಸ್ತಿ ಇರೋದು ಧೂಳಾ, ನೀರಾ?
5. ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ? ಫೋನಲ್ಲೇ ಬ್ಯಾಂಕ್ ವ್ಯವಹಾರ ಮಾಡೋರಿಗೆ ಇದು ಮುಖ್ಯ.
6. ಅಂಗಿ ಜೇಬಲ್ಲಿ ಅಲ್ಲ, ಪ್ಯಾಂಟಿನ ಜೇಬಲ್ಲಿ ಕೂತು ಎದ್ದು ನೋಡಿದ್ರಾ?

ಹನ್ನೆರಡು ಹದಿನೈದು ಸಾವಿರದ ಆಸುಪಾಸಿನಲ್ಲಿ ಇವುಗಳಲ್ಲಿ ಹೆಚ್ಚಿನವು ಸಿಗ್ತವೆ. ಎಲ್ಲವೂ ಒಂದರಲ್ಲೇ ಸಿಗದಿದ್ರೆ ಪರದೆ ಮತ್ತು ಬ್ಯಾಟರಿ ಹಿಡಿದು ಕ್ಯಾಮೆರಾ ಬಿಡಿ.

ಹೊಸ ಫೋನ್ ತಗೊಳ್ಳೋ ಯೋಚನೆ ಇಲ್ಲದವರು ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮನೆಯವರ ಫೋನಲ್ಲಿ ನಿಮ್ಮ ಖಾತೆ ತೆರೆದು, ನಿಮ್ಮ ಲೆಕ್ಕ ಅಲ್ಲಿ ಕಾಣುತ್ತಾ ನೋಡಿ. ನೋಡಿದ ಮೇಲೆ ಖಾತೆಯಿಂದ ಹೊರಗೆ ಬರೋದು ಮರೀಬೇಡಿ. ಲೆಕ್ಕ ಕಾಣದಿದ್ರೆ ನಾಳೆ ಹೊಂಡದ ಕಡೆ ಹೋಗೋ ಮುಂಚೆ ಅದನ್ನ ಸರಿಮಾಡ್ಕೊಳ್ಳಿ.