ಮೂತಿಗೊಂದು ಹೆಸರು, ಮೈಗೊಂದು ಹೆಸರು

ಕೂಡ್ಲಿಗಿ ಮೂಲಕ ಹಾಯುವ ಚಿತ್ರದುರ್ಗ-ಹೊಸಪೇಟೆ ಹೆದ್ದಾರಿಯಲ್ಲಿ ಒಮ್ಮೊಮ್ಮೆ ವಿಚಿತ್ರ ವಾಹನವೊಂದು ಎದುರಾಗುತ್ತದೆ. ಎಂಜಿನ್ ಇದೆ, ಚಕ್ರಗಳಿವೆ, ಸ್ಟಿಯರಿಂಗ್ ಇದೆ, ಬಾಗಿಲಿಲ್ಲ, ಚಾವಣಿಯಿಲ್ಲ. ಚಾಲಕ ತಲೆಗೆ ಟವೆಲ್ ಸುತ್ತಿಕೊಂಡು ಬಿಸಿಲಲ್ಲೇ ಓಡಿಸುತ್ತಿರುತ್ತಾನೆ. ಈ ಅಸ್ಥಿಪಂಜರವೇ ಷಾಸಿ. ಗ್ಯಾರೇಜಿನಲ್ಲಿ ಮೈ ಕಟ್ಟಿದ ಮೇಲಷ್ಟೇ ಅದು ಬಸ್ಸೋ ಲಾರಿಯೋ ಆಗುತ್ತದೆ.

ಎರಡನೇ ಮಹಾಯುದ್ಧಕ್ಕೆ ಮುಂಚೆ ದುಬಾರಿ ಕಾರುಗಳೂ ಹೀಗೆಯೇ ಮಾರಾಟವಾಗುತ್ತಿದ್ದವು ಎಂದರೆ ಅಚ್ಚರಿಯಾದೀತು. ಆ ಕಾಲದಲ್ಲಿ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಷಾಸಿಯನ್ನು ಮಾತ್ರ. ಮೈ ಕಟ್ಟುವ ಕೆಲಸ ಬಾರ್ಕರ್, ಹೂಪರ್, ಥ್ರಪ್ ಅಂಡ್ ಮೇಬರ್ಲಿಯಂಥ ಕೋಚ್ ಬಿಲ್ಡರ್‌ಗಳದ್ದು. ಹಲವರು ಮೂಲತಃ ಕುದುರೆ ಸಾರೋಟು ಮಾಡುತ್ತಿದ್ದವರು. ಹರಪನಹಳ್ಳಿ ಸೀಮೆ ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1840ರಲ್ಲಿ ಶುರುವಾದ ಸಿಂಪ್ಸನ್ ಕಂಪನಿಯದೂ ಇದೇ ಹಾದಿ.

ಗಿರಾಕಿ ಕೇಳಿದಂತೆ ಮೈ ಕಟ್ಟುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರಬೇಕೆಂದಿರಲಿಲ್ಲ. ಹೈದರಾಬಾದಿನ ಆರನೇ ನಿಜಾಮರಿಗಾಗಿ ಬಾರ್ಕರ್ ಕಂಪನಿ ಸಿಂಹಾಸನದಂಥ ಆಸನವಿರುವ ಹಳದಿ ಕಾರನ್ನೇ ಕಟ್ಟಿತು. ಅದೀಗ ಚೌಮಹಲ್ಲಾ ಅರಮನೆಯಲ್ಲಿದೆ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಏಳೇಳು ರೋಲ್ಸ್‌ರಾಯ್ಸ್ ಒಟ್ಟಿಗೆ ಕೊಳ್ಳುತ್ತಿದ್ದರೆಂದೂ, ಸಗಟು ಖರೀದಿಗೆ ಆ ಕಂಪನಿಯಲ್ಲಿ ‘ಮೈಸೂರು ಮಾಡುವುದು’ ಎಂಬ ನುಡಿಗಟ್ಟೇ ಹುಟ್ಟಿತೆಂದೂ ಹೇಳುವುದುಂಟು.

ಗುರುತು ಹಿಡಿಯುವುದು ಹೇಗೆ?

ರೇಡಿಯೇಟರ್ ಮತ್ತು ಬಾನೆಟ್ ಸಾಮಾನ್ಯವಾಗಿ ಷಾಸಿ ಕಂಪನಿಯವು. ಆದ್ದರಿಂದ ಕಾರಿನ ಮೂತಿ ಹೇಳುವುದು ಷಾಸಿಯ ಹೆಸರನ್ನು ಮಾತ್ರ. ಮೈ ಕಟ್ಟಿದವರು ಯಾರೆಂದು ತಿಳಿಯಲು ಹಿಂದಕ್ಕೆ ಬರಬೇಕು. ಬಾಗಿಲ ಹೊಸ್ತಿಲಲ್ಲಿ ಪುಟ್ಟ ಲೋಹದ ಫಲಕವಿರಬಹುದು. ಅದು ಕಳೆದಿದ್ದರೆ ಸೀಟಿನ ತಳ, ಬಾಗಿಲ ಒಳಹೊದಿಕೆಯ ಹಿಂಬದಿ, ಮರದ ಚೌಕಟ್ಟು ಇವುಗಳ ಮೇಲೆ ಒತ್ತಿದ ಮೈ ಸಂಖ್ಯೆಯನ್ನು ಹುಡುಕಬೇಕು. ಕಿಟಕಿಯ ಬಾಗು, ಬಾಗಿಲ ಕೀಲು, ಪಕ್ಕದಲ್ಲಿ ಓಡುವ ಪಟ್ಟಿ ಕೂಡ ಕಟ್ಟಿದವರ ಕೈಯನ್ನು ಹೇಳುತ್ತವೆ.

ಕೊನೆಯ ಸಾಕ್ಷಿ ದಾಖಲೆ. ರೋಲ್ಸ್‌ರಾಯ್ಸ್‌ನ ಹಳೆಯ ಷಾಸಿ ಕಾರ್ಡುಗಳು ಇಂಗ್ಲೆಂಡಿನಲ್ಲಿ ಇಂದಿಗೂ ಉಳಿದಿವೆ. ಷಾಸಿ ಸಂಖ್ಯೆ ಸಿಕ್ಕರೆ ಮೊದಲ ಮಾಲೀಕ ಯಾರು, ಮೈ ಕಟ್ಟಿದವರು ಯಾರು ಎಂಬುದನ್ನು ಅವುಗಳಿಂದ ತಿಳಿಯಬಹುದು.

ಆದರೆ ಕಾರ್ಡಿನಲ್ಲಿರುವ ಮೈ ಕಾರಿನ ಮೇಲೆ ಇರಲೇಬೇಕೆಂದಿಲ್ಲ. ಮುಚ್ಚಿದ ಸಲೂನ್‌ಗಿಂತ ತೆರೆದ ಟೂರರ್‌ಗೆ ಬೆಲೆ ಹೆಚ್ಚಾದಂತೆ, ಎಷ್ಟೋ ಮೂಲ ಮೈಗಳನ್ನು ಕಳಚಿ ಹೊಸದನ್ನು ಕೂರಿಸಲಾಯಿತು. ಷಾಸಿ ಅಸಲಿ, ಮೈ ನಕಲಿ!

ಕಾನೂನಿನ ಮಾತು

ಇದು ಬರೀ ಶೋಕಿಯ ಪ್ರಶ್ನೆಯಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, 50 ವರ್ಷ ದಾಟಿದ ವಾಹನ ‘ವಿಂಟೇಜ್’ ಎನಿಸಿಕೊಳ್ಳಲು ಮೂಲರೂಪದಲ್ಲೇ ಇರಬೇಕು. ಷಾಸಿ, ಮೈ, ಎಂಜಿನ್‌ಗಳಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಧರ್ಮಸ್ಥಳದ ಕಾರು ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿ ‘ಪಯಣ’ ವಸ್ತುಸಂಗ್ರಹಾಲಯವಿದೆ. ಮುಂದಿನ ಸಲ ಹೋದಾಗ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಬಾಗಿಲ ಹೊಸ್ತಿಲನ್ನೂ ನೋಡಿ.

ಯಾರದಾದರೂ ಹಿತ್ತಲಲ್ಲಿ, ಮೇವಿನ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಕಾರು ತುಕ್ಕು ಹಿಡಿಯುತ್ತಿದ್ದರೆ, ಗುಜರಿಗೆ ಹಾಕುವ ಅಥವಾ ಬಣ್ಣ ಬಳಿಸುವ ಮುನ್ನ ಆ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಗೆದ್ದಲು ಹಿಡಿದ ಹಲಗೆಯೆಂದು ಕಿತ್ತೆಸೆದದ್ದರಲ್ಲೇ ಅದನ್ನು ಕಟ್ಟಿದವರ ಏಕೈಕ ಗುರುತು ಇದ್ದಿರಬಹುದು.