ನಲ್ಲಿ ಮುಟ್ಟಿದಾಗ ಜುಮ್ಮೆನ್ನುವುದು ವಾತವಲ್ಲ

ಕೆಲವು ವರ್ಷಗಳ ಹಿಂದೆ ಮಧ್ಯವಯಸ್ಸಿನ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಬೆಳಗಿನ ಹೊತ್ತು ಬಲಗೈ ಬೆರಳುಗಳು ಜುಮ್ಮೆನ್ನುತ್ತವೆ, ಮೊಣಕೈಯವರೆಗೆ ಸೆಳೆದಂತಾಗುತ್ತದೆ ಎಂಬುದು ಅವರ ದೂರು. ವಯಸ್ಸು, ಮನೆಗೆಲಸ, ಚಳಿಗಾಲ ಎಲ್ಲವನ್ನೂ ಲೆಕ್ಕಹಾಕಿ, ವಾತಪ್ರಕೋಪವೆಂದು ತಿಳಿದು ಅಭ್ಯಂಗಕ್ಕೆ ಎಣ್ಣೆ ಕೊಟ್ಟು ಕಳುಹಿಸಿದೆ. ಎರಡನೆಯ ಸಲ ಬಂದಾಗ ಎಣ್ಣೆ ಬದಲಿಸಿದೆ. ಮೂರನೆಯ ಸಲ ಬಂದಾಗ, "ಇದು ನಿಖರವಾಗಿ ಯಾವಾಗ ಆಗುತ್ತದೆ, ತಾಯಿ?" ಎಂದು ಕೇಳಿದೆ. "ಬಚ್ಚಲಮನೆಯಲ್ಲಿ ಬಿಸಿನೀರಿನ ನಲ್ಲಿ ಮುಟ್ಟಿದಾಗ ಮಾತ್ರ, ಡಾಕ್ಟರೇ. ಕೈ ತೆಗೆದ ಕೂಡಲೇ ಹೋಗಿಬಿಡುತ್ತದೆ" ಎಂದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಮೂರನೆಯ ಭೇಟಿಯಲ್ಲಿ ಕೇಳಿದ್ದೆ.

ಔಷಧಿ ಬರೆಯುವುದನ್ನು ನಿಲ್ಲಿಸಿ, ಆ ದಿನವೇ ಗೀಸರಿನ ಸಂಪರ್ಕ ತಪ್ಪಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸುವಂತೆ ಹೇಳಿದೆ. ಗೀಸರಿನೊಳಗಿನ ಕಾಯಿಲ್ ಹಾಳಾಗಿ ವಿದ್ಯುತ್ತು ಅದರ ಲೋಹದ ಮೈಗೆ ಸೋರುತ್ತಿತ್ತು. ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯಬೇಕಾದ ಭೂಸಂಪರ್ಕದ ತಂತಿ, ಅಂದರೆ ಅರ್ಥಿಂಗ್, ಆ ಹಳೆಯ ಮನೆಯಲ್ಲಿ ಇರಲೇ ಇಲ್ಲ. ಕಬ್ಬಿಣದ ಕೊಳವೆಯ ಮೂಲಕ ಅದು ನಲ್ಲಿಗೆ ಬಂದು, ತಾಯಿಯ ದೇಹದ ಮೂಲಕ ನೆಲಕ್ಕೆ ದಾರಿ ಹುಡುಕುತ್ತಿತ್ತು. ಸೋರಿಕೆ ಇನ್ನಷ್ಟು ಹೆಚ್ಚಿದ್ದರೆ ಅವರು ನಾಲ್ಕನೆಯ ಸಲ ನನ್ನ ಬಳಿಗೆ ಬರುತ್ತಿರಲಿಲ್ಲ. ಆರೋಗ್ಯದ ಪುಟದಲ್ಲಿ ವಿದ್ಯುತ್ ತಂತಿಗಳ ವಿಚಾರವೇಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಆಯುರ್ವೇದವು ರೋಗಗಳನ್ನು ನಿಜ ಮತ್ತು ಆಗಂತು ಎಂದು ವಿಂಗಡಿಸುತ್ತದೆ. ದೇಹದೊಳಗಿನ ದೋಷಗಳು ಕೆಟ್ಟು ಹುಟ್ಟುವಂಥವು ನಿಜ. ಹೊರಗಿನಿಂದ ಬಂದೆರಗುವಂಥವು ಆಗಂತು. ವಿದ್ಯುದಾಘಾತ ಎರಡನೆಯ ಬಗೆಯದು. ಯಾವುದೇ ಚಿಕಿತ್ಸೆಯ ಮೊದಲ ಹೆಜ್ಜೆ ನಿದಾನ ಪರಿವರ್ಜನ, ಎಂದರೆ ಕಾರಣವನ್ನು ದೂರಮಾಡುವುದು. ಬೇರೆ ರೋಗಗಳಲ್ಲಿ ಅದು ಚಿಕಿತ್ಸೆಯ ಒಂದು ಭಾಗ. ವಿದ್ಯುದಾಘಾತದಲ್ಲಿ ಬಹುಮಟ್ಟಿಗೆ ಅದೇ ಇಡೀ ಚಿಕಿತ್ಸೆ.

ದೇಹದಲ್ಲಿ ಆಗುವುದೇನು?

ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಣಗಿದ ಚರ್ಮ ಅದನ್ನು ಬಹಳಮಟ್ಟಿಗೆ ತಡೆಯುತ್ತದೆ. ಚರ್ಮ ಒದ್ದೆಯಾದಾಗ ಆ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ ದೇಹದ ಮೂಲಕ ಸುಮಾರು 230 ಮಿಲಿ ಆಂಪಿಯರ್ ಹರಿಯಲು ಸಾಧ್ಯ. ಇದು ಎಷ್ಟು ದೊಡ್ಡದೆಂಬುದನ್ನು ನೋಡಿ: 1 ಮಿಲಿ ಆಂಪಿಯರ್ ಹರಿದರೆ ಜುಮ್ಮೆನ್ನುತ್ತದೆ, 10ರ ಆಸುಪಾಸಿನಲ್ಲಿ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲಾಗುವುದಿಲ್ಲ, 30ರ ಸುಮಾರಿಗೆ ಉಸಿರಾಟದ ಸ್ನಾಯುಗಳು ಸ್ತಬ್ಧವಾಗತೊಡಗುತ್ತವೆ, 50ನ್ನು ದಾಟಿ ಒಂದು ಸೆಕೆಂಡಿನಷ್ಟು ಹರಿದರೆ ಹೃದಯದ ಕೆಳಕೋಣೆಗಳು ಲಯ ತಪ್ಪಿ ಕೇವಲ ನಡುಗತೊಡಗಬಹುದು. ಹಾಗೆ ನಡುಗುವ ಹೃದಯ ರಕ್ತವನ್ನು ತಳ್ಳಲಾರದು. ಬಚ್ಚಲಮನೆ, ಒಗೆಯುವ ಕಲ್ಲು, ನೀರೆತ್ತುವ ಪಂಪು ಇವುಗಳ ಬಳಿ ಸಾವು ಹೆಚ್ಚು ಹತ್ತಿರವಿರುವುದು ಈ ಕಾರಣಕ್ಕೆ.

ಮೂವರು ಕಾವಲುಗಾರರು

"ನಮ್ಮ ಮನೆಯಲ್ಲಿ ಎಂ.ಸಿ.ಬಿ. ಹಾಕಿಸಿದ್ದೇವೆ, ಭಯವಿಲ್ಲ" ಎಂಬ ಮಾತನ್ನು ನಾನು ಮೇಲಿಂದ ಮೇಲೆ ಕೇಳುತ್ತೇನೆ. ಇದು ತಪ್ಪು ತಿಳಿವಳಿಕೆ. ಎಂ.ಸಿ.ಬಿ. ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ತಂತಿಯಲ್ಲಿ ಅದರ ಶಕ್ತಿ ಮೀರಿ ವಿದ್ಯುತ್ತು ಹರಿದಾಗ, ಅಥವಾ ಎರಡು ತಂತಿಗಳು ಒಂದಕ್ಕೊಂದು ತಗುಲಿದಾಗ, ಬೆಂಕಿ ಹೊತ್ತದಂತೆ ಅದು ಸಂಪರ್ಕ ಕಡಿಯುತ್ತದೆ. 16 ಆಂಪಿಯರಿನ ಎಂ.ಸಿ.ಬಿ. ಎಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಹೃದಯವನ್ನು ನಿಲ್ಲಿಸಲು ಸಾಕಾಗುವ ಹರಿವು ಅದರ ಲೆಕ್ಕಕ್ಕೇ ಬರುವುದಿಲ್ಲ.

ಎರಡನೆಯ ಕಾವಲುಗಾರ ಭೂಸಂಪರ್ಕ. ಉಪಕರಣದ ಲೋಹದ ಮೈಗೆ ವಿದ್ಯುತ್ತು ಸೋರಿದರೆ ಅದನ್ನು ಹಸಿರು ತಂತಿಯ ಮೂಲಕ ನೆಲಕ್ಕೆ ಒಯ್ಯುವುದು ಇದರ ಕೆಲಸ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪವಾದ, ಉದ್ದವಾದ ಕಡ್ಡಿ ಭೂಸಂಪರ್ಕದ್ದು. ಎಲ್ಲಕ್ಕಿಂತ ಮೊದಲು ಅದು ಸೇರಲಿ, ಎಲ್ಲಕ್ಕಿಂತ ಕೊನೆಗೆ ಅದು ಬಿಡಲಿ ಎಂದೇ ಅದನ್ನು ಉದ್ದ ಮಾಡಿದ್ದಾರೆ. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವವರು ಕಾವಲುಗಾರನನ್ನು ತಾವೇ ಹೊರಗಟ್ಟಿದಂತೆ.

ಮೂರನೆಯದು ಆರ್.ಸಿ.ಸಿ.ಬಿ. ಇದು ಮನೆಯೊಳಗೆ ಹೋದ ವಿದ್ಯುತ್ತನ್ನೂ ಮರಳಿ ಬಂದ ವಿದ್ಯುತ್ತನ್ನೂ ಸದಾ ತೂಗಿ ನೋಡುತ್ತಿರುತ್ತದೆ. ಎರಡೂ ಸಮವಿದ್ದರೆ ಸುಮ್ಮನಿರುತ್ತದೆ. ವ್ಯತ್ಯಾಸ ಬಂದರೆ ವಿದ್ಯುತ್ತು ಬೇರೆಲ್ಲೋ, ಪ್ರಾಯಶಃ ಯಾರದೋ ದೇಹದ ಮೂಲಕ, ನೆಲಕ್ಕೆ ಹೋಗುತ್ತಿದೆ ಎಂದರ್ಥ. 30 ಮಿಲಿ ಆಂಪಿಯರಿನ ಸಾಧನವು ಅಷ್ಟು ಸೋರಿಕೆಗೆ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಸೋರಿಕೆಗೆ 0.04 ಸೆಕೆಂಡಿನೊಳಗೆ ಸಂಪರ್ಕ ಕಡಿಯಬೇಕು. ಜನರಿರುವ ಮನೆಗೆ 30 ಮಿಲಿ ಆಂಪಿಯರಿನದನ್ನೇ ಕೇಳಿ ತನ್ನಿ. 100 ಅಥವಾ 300ರ ಸಾಧನಗಳು ಮುಖ್ಯವಾಗಿ ಬೆಂಕಿಯಿಂದ ಕಾಯುವಂಥವು. ಇದಕ್ಕೂ ಒಂದು ಮಿತಿಯಿದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಗುರುತಿಸಲಾರದು. ತಂತಿಯ ಮೇಲಿನ ಅತಿಭಾರವನ್ನೂ ಅದು ನೋಡುವುದಿಲ್ಲ. ಆದ್ದರಿಂದ ಮೂವರೂ ಬೇಕು. ಒಬ್ಬನ ಕೆಲಸವನ್ನು ಇನ್ನೊಬ್ಬ ಮಾಡಲಾರ.

ಮನೆಯ ರೋಗಲಕ್ಷಣಗಳು

ನಾಡಿ ನೋಡುವಂತೆ ಮನೆಯನ್ನೂ ಪರೀಕ್ಷಿಸಬಹುದು. ನಲ್ಲಿ, ಫ್ರಿಜ್ಜು, ವಾಷಿಂಗ್ ಮೆಷಿನ್ ಅಥವಾ ಒದ್ದೆ ಗೋಡೆ ಮುಟ್ಟಿದಾಗ ಜುಮ್ಮೆನ್ನುವುದು ಮೊದಲ ಲಕ್ಷಣ. ಸ್ವಿಚ್ ಬೋರ್ಡು ಬಿಸಿಯಾಗುವುದು, ಪ್ಲಗ್ಗಿನ ಸುತ್ತ ಕಂದು ಕಲೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಗೀಸರ್ ಹಾಕಿದಾಗ ದೀಪ ಮಂಕಾಗುವುದು, ಫ್ಯೂಸ್ ಪದೇ ಪದೇ ಹೋಗುವುದು ಇವೆಲ್ಲ ಉಳಿದವು. ಫ್ಯೂಸ್ ಹೋದಾಗಲೆಲ್ಲ ದಪ್ಪ ತಾಮ್ರದ ಎಳೆ ಸುತ್ತಿ ಸುಮ್ಮನಾಗುವುದು, ಜ್ವರಕ್ಕೆ ಕಾರಣ ಹುಡುಕದೆ ಜ್ವರಮಾಪಕವನ್ನು ಒಡೆದುಹಾಕಿದಂತೆ. ಕರಗಬೇಕಾದ ಫ್ಯೂಸ್ ಕರಗದಿದ್ದರೆ ಗೋಡೆಯೊಳಗಿನ ತಂತಿ ಕಾಯುತ್ತದೆ.

ಮೂವತ್ತು ನಲವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳಿಗೆ ತಂತಿ ಎಳೆದಾಗ ಲೆಕ್ಕದಲ್ಲಿದ್ದುದು ನಾಲ್ಕು ದೀಪ, ಎರಡು ಫ್ಯಾನು, ಒಂದು ರೇಡಿಯೊ. ಇಂದು ಅದೇ ತಂತಿಯ ಮೇಲೆ 2000 ವಾಟ್ ಗೀಸರ್, 1500 ವಾಟ್ ನೀರು ಕಾಯಿಸುವ ಕಾಯಿಲ್, 1000 ವಾಟ್ ಇಸ್ತ್ರಿಪೆಟ್ಟಿಗೆ ಕುಳಿತಿವೆ. ಗೀಸರ್ ಒಂದೇ ಸುಮಾರು 9 ಆಂಪಿಯರ್ ಎಳೆಯುತ್ತದೆ. ಕಾಯಿಲ್ ಕೂಡ 6 ಆಂಪಿಯರಿನ ಸಣ್ಣ ಸಾಕೆಟ್ಟಿನ ಮಿತಿಯನ್ನು ಮೀರುತ್ತದೆ. ಕಾಯಿಲ್ ಬಳಸುವವರು ಅದನ್ನು ನೀರಿನಲ್ಲಿ ಮುಳುಗಿಸಿದ ಮೇಲೆಯೇ ಸ್ವಿಚ್ ಹಾಕಬೇಕು. ನೀರು ಕಾಯ್ದಿದೆಯೇ ಎಂದು ನೋಡುವ ಮೊದಲು ಸ್ವಿಚ್ ಆರಿಸಿ ಪ್ಲಗ್ಗನ್ನೂ ಕೀಳಬೇಕು. ಮನೆಯ ಮಕ್ಕಳಿಗೆ ಈ ಪಾಠವನ್ನು ಕಡ್ಡಾಯವಾಗಿ ಕಲಿಸಿ.

ಬೋರ್ಡು ಬದಲಿಸುವಾಗ

ಹಳೆಯ ಮೇನ್ ಬೋರ್ಡು ತೆಗೆಸಿ ಹೊಸ ಡಿ.ಬಿ. ಪೆಟ್ಟಿಗೆ ಹಾಕಿಸುವುದು ಒಳ್ಳೆಯ ನಿರ್ಧಾರ. ಆದರೆ ಇದು ಮನೆಯವರು ತಾವೇ ಕೈಹಾಕುವ ಕೆಲಸವಲ್ಲ. ವಿದ್ಯುತ್ ಕೆಲಸವೂ ಕಲಿತು ಮಾಡಬೇಕಾದ ಕಾಯಕ. ಸರ್ಕಾರದ ಪರವಾನಗಿ ಪಡೆದವರಿಂದಲೇ ಮಾಡಿಸಬೇಕು. ಹೆಸ್ಕಾಂ, ಬೆಸ್ಕಾಂ, ಜೆಸ್ಕಾಂ ಮುಂತಾದ ವಿದ್ಯುತ್ ಕಂಪನಿಗಳು ಹಾಕಿದ ಮೀಟರಿನ ಮೊಹರನ್ನು ಯಾವ ಕಾರಣಕ್ಕೂ ಒಡೆಯಬಾರದು. ಮನೆಯ ಮೇನ್ ಸ್ವಿಚ್ ಆರಿಸಿದ ಮೇಲೂ ಅದರ ಹಿಂದಿನ, ಮೀಟರಿನ ಕಡೆಯ ತಂತಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಅನೇಕರು ಮರೆಯುವ ಇನ್ನೊಂದು ಸಂಗತಿ ಯು.ಪಿ.ಎಸ್. ಮೇನ್ ಆರಿಸಿದ ಕೂಡಲೇ ಅದು ಬ್ಯಾಟರಿಯಿಂದ ಮನೆಯ ತಂತಿಗಳಿಗೆ ವಿದ್ಯುತ್ತು ಕೊಡಲಾರಂಭಿಸುತ್ತದೆ. ಕೆಲಸಕ್ಕೆ ಮೊದಲು ಅದನ್ನೂ ಆರಿಸಿ ಸಂಪರ್ಕ ತಪ್ಪಿಸಿರಬೇಕು.

ಮನೆಯವರ ಪಾಲಿನ ಕೆಲಸ ಸರಿಯಾದ ಪ್ರಶ್ನೆ ಕೇಳುವುದು. ತಂತಿಯ ದಪ್ಪಕ್ಕೆ ತಕ್ಕ ಎಂ.ಸಿ.ಬಿ. ಹಾಕಿದ್ದೀರಾ? ಸಾಮಾನ್ಯವಾಗಿ ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಮತ್ತು 6 ಅಥವಾ 10 ಆಂಪಿಯರಿನ ಎಂ.ಸಿ.ಬಿ.; ದೊಡ್ಡ ಸಾಕೆಟ್ಟಿಗೆ 2.5 ಚದರ ಮಿಲಿಮೀಟರ್ ಮತ್ತು 16 ಆಂಪಿಯರ್. ಗೀಸರ್ ಮತ್ತು ಎ.ಸಿ.ಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಂತಿ. ತೆಳು ತಂತಿಗೆ ದೊಡ್ಡ ಎಂ.ಸಿ.ಬಿ. ಹಾಕಿದರೆ, ಅದು ಎಚ್ಚರಗೊಳ್ಳುವ ಮೊದಲೇ ತಂತಿ ಸುಟ್ಟಿರುತ್ತದೆ. ಆದ್ದರಿಂದ ಪೆಟ್ಟಿಗೆ ಮಾತ್ರ ಹೊಸದಾಗಿ, ಗೋಡೆಯೊಳಗಿನ ತಂತಿ ಹಳೆಯದೇ ಉಳಿದರೆ ರಕ್ಷಣೆ ಅರ್ಧವೇ. ಸ್ವಿಚ್ ಫೇಸ್ ತಂತಿಯ ಮೇಲಿದೆಯೇ? ನ್ಯೂಟ್ರಲ್ ಮೇಲಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮನೆಯ ಒಟ್ಟು ಬಳಕೆ ಮಂಜೂರಾದ ಲೋಡನ್ನು ಮೀರುವಂತಿದ್ದರೆ, ಹೆಚ್ಚಿನ ಲೋಡಿಗೆ ಅರ್ಜಿ ಹಾಕಿದ್ದೇವೆಯೇ?

ಭೂಸಂಪರ್ಕದ ಬಗ್ಗೆ ಎರಡು ಮೋಸಗಳನ್ನು ತಿಳಿದಿರಬೇಕು. ಗುಂಡಿ ತೋಡುವ ಶ್ರಮ ತಪ್ಪಿಸಲು ಕೆಲವರು ಹಸಿರು ತಂತಿಯನ್ನು ನೀರಿನ ಕೊಳವೆಗೆ ಕಟ್ಟುತ್ತಾರೆ. ಆಗ ಒಂದು ಮನೆಯ ಸೋರಿಕೆ ಎಲ್ಲ ನಲ್ಲಿಗಳಿಗೂ ಹರಡುತ್ತದೆ. ಇನ್ನು ಕೆಲವರು ಸಾಕೆಟ್ಟಿನೊಳಗೆ ಭೂಸಂಪರ್ಕದ ಕಡ್ಡಿಯನ್ನು ನ್ಯೂಟ್ರಲ್‌ಗೆ ಜೋಡಿಸಿ "ಅರ್ಥಿಂಗ್ ಆಯಿತು" ಎನ್ನುತ್ತಾರೆ. ಮುಂದೊಂದು ದಿನ ನ್ಯೂಟ್ರಲ್ ತಂತಿ ತುಂಡಾದರೆ ಉಪಕರಣದ ಇಡೀ ಮೈ 230 ವೋಲ್ಟಿನದಾಗುತ್ತದೆ. ಮನೆಗೆ ತನ್ನದೇ ಆದ ಭೂಸಂಪರ್ಕದ ಗುಂಡಿ ಇರಲಿ, ಕೆಲಸ ಮುಗಿದ ಮೇಲೆ ಮಾಪಕದಿಂದ ಪರೀಕ್ಷಿಸಿ ತೋರಿಸಲಿ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ.

ಹೊಸ ಆರ್.ಸಿ.ಸಿ.ಬಿ. ಹಾಕಿಸಿದ ಮನೆಗಳಲ್ಲಿ ಅದು ಮತ್ತೆ ಮತ್ತೆ ಬೀಳುವುದುಂಟು. "ಇದು ಬರೀ ಕಿರಿಕಿರಿ" ಎಂದು ಅದನ್ನು ತಪ್ಪಿಸಿ ನೇರ ತಂತಿ ಕೊಡಿಸಿಕೊಂಡವರನ್ನು ನಾನು ಬಲ್ಲೆ. ಎಲ್ಲೋ ಸೋರಿಕೆಯಿದೆ, ಅಥವಾ ಜೋಡಣೆಯಲ್ಲಿ ನ್ಯೂಟ್ರಲ್ ತಂತಿಗಳು ಬೆರೆತುಹೋಗಿವೆ ಎಂದು ಅದು ಹೇಳುತ್ತಿದೆ. ಕಾರಣ ಹುಡುಕಿಸಬೇಕೇ ಹೊರತು ಅದರ ಬಾಯಿ ಮುಚ್ಚಿಸಬಾರದು.

ಆಘಾತವಾದರೆ

ಮೊದಲು ವಿದ್ಯುತ್ತನ್ನು ಆರಿಸಿ. ಅಂಟಿಕೊಂಡವರನ್ನು ಬರಿಗೈಯಲ್ಲಿ ಎಳೆಯಹೋದರೆ ಎರಡನೆಯ ಜೀವವೂ ಹೋಗುತ್ತದೆ. ತಾಯಿಯನ್ನು ಬಿಡಿಸಹೋದ ಮಗ, ಮಗನನ್ನು ಬಿಡಿಸಹೋದ ತಂದೆ, ಹೀಗೆ ಒಂದೇ ಮನೆಯಲ್ಲಿ ಸಾವುಗಳಾಗುವುದು ಇದರಿಂದಲೇ. ಆರಿಸಲು ಸಾಧ್ಯವೇ ಇಲ್ಲದಿದ್ದರೆ, ಒಣನೆಲದಲ್ಲಿ ನಿಂತು ಒಣಗಿದ ಮರದ ಕೋಲು ಅಥವಾ ಪ್ಲಾಸ್ಟಿಕ್ ಕುರ್ಚಿಯಿಂದ ಅವರನ್ನು ಬೇರ್ಪಡಿಸಿ. ಇದು ಮನೆಯೊಳಗಿನ ವಿದ್ಯುತ್ತಿಗೆ ಮಾತ್ರ ಸಲ್ಲುವ ಮಾತು. ಬೀದಿಯಲ್ಲೋ ಹೊಲದಲ್ಲೋ ತಂತಿ ಹರಿದುಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಕರೆಮಾಡಿ.

ಬಳಿಕ 108ಕ್ಕೆ ಕರೆಮಾಡಿ. ಪ್ರಜ್ಞೆಯಿಲ್ಲದೆ ಸಹಜ ಉಸಿರಾಟವೂ ಇಲ್ಲದಿದ್ದರೆ, ಅಂಗಾತ ಮಲಗಿಸಿ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ವಯಸ್ಕರಿಗೆ ಕನಿಷ್ಠ 5 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ನೆರವು ಬರುವವರೆಗೆ ನಿಲ್ಲಿಸಬೇಡಿ. ಮಣ್ಣಿನಲ್ಲಿ ಹೂಳುವುದು, ಉಸುಕಿನಲ್ಲಿ ಮಲಗಿಸುವುದು, ಬಾಯಿಗೆ ನೀರು ಹೊಯ್ಯುವುದು ಸಲ್ಲದು. ಹೃದಯ ನಿಂತಾಗ ನಿಮಿಷಗಳೇ ಜೀವ. ಮೇಲೆ ಸಣ್ಣ ಸುಟ್ಟಗಾಯವಷ್ಟೇ ಕಂಡರೂ ಒಳಗೆ ಸ್ನಾಯುಗಳು ಬೆಂದಿರಬಹುದು, ಹೃದಯದ ಲಯ ಕೆಟ್ಟಿರಬಹುದು. ಎದ್ದು ಕುಳಿತು ಮಾತಾಡಿದರೂ ಆಸ್ಪತ್ರೆಗೆ ಒಯ್ದು ಇ.ಸಿ.ಜಿ. ಮಾಡಿಸಿ. ಈ ಹೊತ್ತಿಗೆ ನನ್ನ ಬಳಿ ಯಾವ ಕಷಾಯವೂ ಇಲ್ಲ ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಆ ತಾಯಿಯ ಮನೆಯಲ್ಲಿ ಈಗ ಹೊಸ ಪೆಟ್ಟಿಗೆಯಿದೆ, ಅಂಗಳದ ಮೂಲೆಯಲ್ಲಿ ಭೂಸಂಪರ್ಕದ ಗುಂಡಿಯಿದೆ. ಆ ಜುಮ್ಮು ಮತ್ತೆ ಬರಲಿಲ್ಲ. ಅವರಿಂದ ಕಲಿತ ಪಾಠವಾಗಿ, ಕೈ ಜುಮ್ಮೆನ್ನುತ್ತದೆ ಎಂದವರನ್ನು ನಾನೀಗ ಮೊದಲು ಕೇಳುವುದು "ಏನನ್ನು ಮುಟ್ಟಿದಾಗ?" ಎಂದೇ. ಆರ್.ಸಿ.ಸಿ.ಬಿ.ಯ ಮೇಲೆ ಟಿ ಎಂಬ ಅಕ್ಷರವಿರುವ ಸಣ್ಣ ಗುಂಡಿಯಿರುತ್ತದೆ. ಅದನ್ನು ಒತ್ತಿದರೆ ಸಾಧನ ಕೂಡಲೇ ಬೀಳಬೇಕು. ಬೀಳದಿದ್ದರೆ ಕಾವಲುಗಾರ ಸತ್ತಿದ್ದಾನೆ, ಬದಲಿಸಿ. ಪ್ರತಿ ತಿಂಗಳು ಈ ಪತ್ರಿಕೆ ನಿಮ್ಮ ಮನೆ ತಲುಪಿದ ದಿನ, ಪುಟ ತೆರೆಯುವ ಮೊದಲು ಆ ಗುಂಡಿಯನ್ನೊಮ್ಮೆ ಒತ್ತಿ ನೋಡಿ. ಒತ್ತಲು ಅಂಥ ಗುಂಡಿಯೇ ನಿಮ್ಮ ಮನೆಯಲ್ಲಿ ಇಲ್ಲವಾದರೆ, ಈ ತಿಂಗಳು ಮಾಡಬೇಕಾದ ಮೊದಲ ಕೆಲಸ ಯಾವುದೆಂದು ನಿಮಗೆ ತಿಳಿದಂತಾಯಿತು.